ಅಪ್‌ಡೇಟ್: ಸ್ಪಾರ್ಕ್ ಪ್ಲಗ್ ನಂಬರ್ ಗೊಂದಲ ಬಗೆಹರಿಯಿತು

ನನ್ನ ಹಳೆ ಪೆಟ್ರೋಲ್ ಕಾರು ಸಿಗ್ನಲ್‌ನಲ್ಲಿ ನಿಂತಾಗ ನಡುಗುತ್ತದೆ, ಅಂಗಡಿಯವರು ಕೊಟ್ಟ ಬಿಕೆಆರ್7ಇ ನಂಬರಿನ ಸ್ಪಾರ್ಕ್ ಪ್ಲಗ್ (ಎಂಜಿನ್‌ನಲ್ಲಿ ಪೆಟ್ರೋಲ್ ಹೊತ್ತಿಸುವ ಕಿಡಿ ಕೊಡುವ ಭಾಗ) ಹಾಕಬಹುದಾ ಅಂತ ಇಲ್ಲಿ ಕೇಳಿದ್ದೆ. ಹಳೆ ಪ್ಲಗ್‌ನ ನಂಬರ್ ನೋಡಿ ಅಂತ ಕೆಲವರು ಹೇಳಿದ್ದಿರಿ. "ಎಲ್ಲಾ ಒಂದರ ಅದಾವ್ರಿ" ಅಂದಿದ್ದರು ಅಂಗಡಿಯವರು. ಸದ್ಯ, ಹಾಕಲಿಲ್ಲ.

ಭಾನುವಾರ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಪರಿಚಯದ ಮೆಕ್ಯಾನಿಕ್ ಹತ್ತಿರ ಹಳೆ ಪ್ಲಗ್ ಬಿಚ್ಚಿಸಿದೆ. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಮುಟ್ಟಲೇ ಇಲ್ಲ ಆತ. ಎರಡು ಚಹಾ ಆದವು. ಬಟ್ಟೆಯಿಂದ ಒರೆಸಿದ ಮೇಲೆ ನಂಬರ್ ಕಂಡಿತು: ಬಿಕೆಆರ್6ಇ-11. ಮ್ಯಾನುಯಲ್‌ನಲ್ಲೂ ಅದೇ ಇತ್ತು. ಮೊದಲೇ ತೆಗೆದು ನೋಡಬಹುದಿತ್ತು, ಅಲ್ವಾ!

ಈ ಪ್ಲಗ್ ತಯಾರಿಸುವ ಎನ್‌ಜಿಕೆ ಕಂಪನಿಯ ಲೆಕ್ಕದಲ್ಲಿ ನಡುವಿನ ಅಂಕಿ ದೊಡ್ಡದಾದಷ್ಟು ಪ್ಲಗ್ ತಂಪು. ಅಂದರೆ 7 ಹಾಕಿದ್ದರೆ ಶಾಖ ಬೇಗ ಹೊರಗೆ ಹೋಗುತ್ತಿತ್ತು. ಪ್ಲಗ್‌ನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಾತ್ರ ಮಸಿ ತಾನೇ ಸುಡುತ್ತದೆ. ಊರೊಳಗೆ ನಿಧಾನಕ್ಕೆ ಓಡುವ ನನ್ನ ಕಾರಿಗೆ ಅದು ಕಷ್ಟವೇ. ಕೊನೆಯ 11 ಅಂದರೆ ತುದಿಯಲ್ಲಿ ಕಿಡಿ ಹಾರುವ ಕಡೆ 1.1 ಮಿ.ಮೀ. ಗ್ಯಾಪ್. ಉದ್ದ, ದಪ್ಪ ಎರಡೂ ಒಂದೇ ಆಗಿದ್ದರಿಂದ ತಪ್ಪು ಪ್ಲಗ್ ಕೂಡ ಸುಮ್ನೆ ಕೂತುಬಿಡುತ್ತಿತ್ತು. ಮೋಸ ಆಗುವುದೇ ಅಲ್ಲಿ.

ಮೂರು ಪ್ಲಗ್ ತಿಳಿ ಕಂದು ಬಣ್ಣ. ನಾಲ್ಕನೆಯದು ಮಾತ್ರ ಕಾಡಿಗೆಯಷ್ಟು ಕಪ್ಪು. ಅದರ ವೈರಿನ ಕ್ಯಾಪ್ ಸೀಳಿತ್ತು! ನಡುಕಕ್ಕೆ ಅದೇ ಕಾರಣ ಇರಬೇಕು. ಅದನ್ನೂ ಬದಲಿಸಿದೆವು. ಹೊಸ ಪ್ಲಗ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಪಾನಾದಿಂದ (ಸ್ಪ್ಯಾನರ್) ಅರ್ಧ ಸುತ್ತು ಬಿಗಿ ಮಾಡಿದ ಮೆಕ್ಯಾನಿಕ್.

ನಿನ್ನೆ ಧಾರವಾಡಕ್ಕೆ ಹೋಗಿ ಬಂದೆ. ಉಣಕಲ್ ಹತ್ತಿರ ಟ್ರಾಫಿಕ್‌ನಲ್ಲಿ ನಿಂತಾಗಲೂ ನಡುಕವಿಲ್ಲ. ಮೈಲೇಜ್ ಇನ್ನೂ ನೋಡಬೇಕು. ನಂಬರ್ ನೋಡಿ ಅಂದವರಿಗೆಲ್ಲ ಒಂದೊಂದು ಮಿರ್ಚಿ ಬಾಕಿ.