ದಮಸ್ಕದ ವಿಡಿಯೋ: ಮನೆ ಗುಂಪಿನಲ್ಲಿ ನಡೆದ ವಾದ

ದೊಡ್ಡಪ್ಪ: ಬೈಬಲಿನ ಯೆಶಾಯ 17:1ರ ಪ್ರವಾದನೆ ನೆರವೇರುತ್ತಿದೆ! ಸಿರಿಯಾದ ಈ ವಿಡಿಯೋ ನೋಡಿ. ದಮಸ್ಕ ಹಾಳುದಿಬ್ಬವಾಗುತ್ತಿದೆ. ಎಲ್ಲರಿಗೂ ಕಳುಹಿಸಿ.

ಅಳಿಯ: ಹಲ್ಲೆಲೂಯ 🙏

ನಾನು: ದೊಡ್ಡಪ್ಪ, ಒಂದನೇ ವಚನಕ್ಕೇ ನಿಲ್ಲಿಸಬೇಡಿ, ಮೂರನೆಯದನ್ನೂ ಓದಿ. ಎಫ್ರಾಯೀಮಿನ ಕೋಟೆಯೂ ಹೋಗುತ್ತದೆ ಅಂತ ಇದೆ, ಅಂದರೆ ಉತ್ತರದ ಇಸ್ರಾಯೇಲೂ ಸೇರಿತು. ಆಗ ದಮಸ್ಕದ ಅರಸ ರೆಚೀನ, ಇಸ್ರಾಯೇಲಿನ ಅರಸ ಪೆಕಹ ಇಬ್ಬರೂ ಒಂದಾಗಿ ಯೆರೂಸಲೇಮಿನ ಮೇಲೆ ಬಂದಿದ್ದರು. ಯೆಹೂದದ ಅರಸ ಆಹಾಜ ಹೆದರಿದ. ದೇವಾಲಯದ ಬೆಳ್ಳಿಬಂಗಾರ ಕೊಟ್ಟು ಅಶ್ಶೂರದ ಅರಸ ತಿಗ್ಲತ್ಪಿಲೆಸರನನ್ನು ಕರೆಸಿದ, ಅವನು ಬಂದು ಕ್ರಿ.ಪೂ. 732ರಲ್ಲಿ ದಮಸ್ಕ ಹಿಡಿದು, ರೆಚೀನನನ್ನು ಕೊಂದು, ಜನರನ್ನು ಕೀರ್ ಎಂಬಲ್ಲಿಗೆ ಸೆರೆ ಸಾಗಿಸಿದ. 2 ಅರಸುಗಳು 16ರಲ್ಲೇ ಇದೆ.

ದೊಡ್ಡಪ್ಪ: ಅದೆಲ್ಲ ಗೊತ್ತು ಮಗಾ. ಪಟ್ಟಣವಾಗಿ ಉಳಿಯುವುದಿಲ್ಲ ಅಂತ ಇದೆಯಲ್ಲ? ದಮಸ್ಕ ಇವತ್ತಿಗೂ ಇದೆ. ಅಂದರೆ ಇನ್ನೂ ಬಾಕಿ ಇದೆ. ದೇವರ ಮಾತು ಅರ್ಧಕ್ಕೆ ನಿಲ್ಲುವುದಿಲ್ಲ.

ಅಕ್ಕ: ದೊಡ್ಡಪ್ಪ ಕೇಳಿದ್ದು ಸರಿಯಾದ ಪ್ರಶ್ನೆ.

ನಾನು: ಹೌದು, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ನೂರು ವರ್ಷಕ್ಕೂ ಜಾಸ್ತಿ ಕಳೆದ ಮೇಲೆ ಯೆರೆಮೀಯ 49ರಲ್ಲಿ ದಮಸ್ಕಕ್ಕೆ ಮತ್ತೆ ತೀರ್ಪು ಬರುತ್ತದೆ. ಊರು ಅಷ್ಟರಲ್ಲಿ ಎದ್ದು ನಿಂತಿತ್ತು, ಯೆಶಾಯ ಹೇಳಿದ್ದು ಬಾಕಿ ಉಳಿದಿದೆ ಅಂತ ಯೆರೆಮೀಯ ಎಲ್ಲೂ ಲೆಕ್ಕ ಹಾಕಲಿಲ್ಲ. ಮಣ್ಣಾದದ್ದು ರೆಚೀನನ ರಾಜ್ಯ, ಮತ್ತೆ ತಲೆ ಎತ್ತಲೇ ಇಲ್ಲ. ಪ್ರವಾದಿಗಳು ಹಾಡುವವರು, ದೊಡ್ಡಪ್ಪ. ಸರ್ವೆ ವರದಿ ಬರೆಯುವವರಲ್ಲ. ನಾಲ್ಕನೇ ವಚನದಿಂದ ಮುಂದೆ ಪೆಟ್ಟು ತಿನ್ನುವುದು ಯಾಕೋಬನೇ, ಅಂದರೆ ಇಸ್ರಾಯೇಲ್ ಜನ, ಮರದ ತುದಿಯಲ್ಲಿ ಎರಡು ಮೂರು ಎಣ್ಣೆಮರದ ಕಾಯಿ ಉಳಿದ ಹಾಗೆ ಉಳಿಯುತ್ತಾನೆ. ಪಕ್ಕದ ದೇಶಕ್ಕೆ ಅಂತ ಶುರುವಾದ ಅಧ್ಯಾಯ ಸ್ವಂತ ಜನರ ಕಡೆಗೆ ತಿರುಗುತ್ತದೆ. ಫಾರ್ವರ್ಡ್ ಮಾಡುವವರು ಈ ಭಾಗವನ್ನೇ ಬಿಡುತ್ತಾರೆ.

ಅತ್ತೆ: ಆ ಊರಲ್ಲಿ ಈಗಲೂ ನಮ್ಮಂಥ ಕ್ರೈಸ್ತರು ಇದ್ದಾರೆ ಕಣ್ರೋ. ಆಮೇಲೆ ಪೌಲನಾದ ಸೌಲನಿಗೆ ಮತ್ತೆ ಕಣ್ಣು ಬಂದದ್ದು ಅಲ್ಲೇ. ಜನರ ಮನೆ ಬಿದ್ದದ್ದಕ್ಕೆ ಹಲ್ಲೆಲೂಯ ಅನ್ನುವುದಾ?

ದೊಡ್ಡಪ್ಪ: ಅಂದವನು ನಾನಲ್ಲ, ಅಳಿಯ. ಸರಿ, 12ನೇ ವಚನದಲ್ಲಿ ಭೋರ್ಗರೆಯುವ ಜನಾಂಗಗಳು ಯಾರು? ಅದು ಹೇಳು.

ನಾನು: ಅಶ್ಶೂರದವರು ಅಂತ ತುಂಬಾ ಜನ ಓದುತ್ತಾರೆ. ಆಹಾಜ ದುಡ್ಡು ಕೊಟ್ಟು ಕರೆಸಿದವರೇ.

ದೊಡ್ಡಪ್ಪ: ಅಲ್ಲಿ ಹೆಸರಿಲ್ಲ.

ನಾನು: ಇಲ್ಲ. ಹಾಗಂತ ನಮಗೆ ಬೇಕಾದ ಈಗಿನ ದೇಶದ ಹೆಸರು ತುಂಬಿಸಬಹುದಾ?

ಅತ್ತೆ: ಅಣ್ಣಾ, ನೀನು ಮೊದಲು ಆ ವಿಡಿಯೋ ತೆಗಿ. ಗುಂಪಲ್ಲಿ ಮಕ್ಕಳಿದ್ದಾರೆ.