ಎರಡು ಭಾಷೆಯ ಬೋರ್ಡೋ, ಎರಡು ಲಿಪಿಯ ಬೋರ್ಡೋ?

ಎಲ್ಲರಿಗೂ ನಮಸ್ಕಾರ. ಹೊರದೇಶಗಳಿಂದ ಬಂದು ನೆಲೆಸಿದವರ ಬೀದಿಗಳಲ್ಲಿರುವ ಹೆಸರಿನ ಬೋರ್ಡುಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅವನ್ನೆಲ್ಲ ‘ದ್ವಿಭಾಷಾ ಫಲಕ’ ಅಂತ ಬರೆದುಬಿಡುತ್ತೇವೆ. ಈ ಹೆಸರು ಎಲ್ಲ ಬೋರ್ಡಿಗೂ ಒಪ್ಪುತ್ತದಾ?

ಲಂಡನ್ನಿನ ಬ್ರಿಕ್ ಲೇನ್ ನೋಡಿ. ಅಲ್ಲಿ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು ಜಾಸ್ತಿ. ಬೀದಿಯ ಬೋರ್ಡಿನಲ್ಲಿ ಇಂಗ್ಲಿಷಿನ ಜೊತೆ ಬಂಗಾಳಿ ಅಕ್ಷರಗಳೂ ಇವೆ. ಆದರೆ ಅದನ್ನು ಓದಿದರೂ ‘ಬ್ರಿಕ್ ಲೇನ್’ ಅಂತಲೇ ಬರುತ್ತದೆ. ಬಂಗಾಳಿಯಲ್ಲಿ ಇಟ್ಟಿಗೆಗೆ ‘ಇಟ್’, ಓಣಿಗೆ ‘ಗಲಿ’ ಅಂತ ಇದ್ದರೂ ಆ ಮಾತುಗಳು ಬೋರ್ಡಿನಲ್ಲಿಲ್ಲ. 2022ರಲ್ಲಿ ಹತ್ತಿರದ ವೈಟ್‌ಚಾಪೆಲ್ ಸ್ಟೇಷನ್ನಿಗೆ ಹಾಕಿದ ಬಂಗಾಳಿ ಬೋರ್ಡೂ ಹೀಗೇ. ಲಿಪಿ ಎರಡು, ಮಾತು ಒಂದೇ. ಅದೇನೂ ಸಣ್ಣ ವಿಷಯವಲ್ಲ. ದೂರದ ಊರಿನಲ್ಲಿ ನಮ್ಮ ಅಕ್ಷರ ಕಂಡರೆ ಆಗುವ ಖುಷಿಯೇ ಬೇರೆ, ಅಲ್ವಾ? ಆದರೂ ಅದನ್ನು ‘ದ್ವಿಭಾಷಾ’ ಅನ್ನಲು ನನಗೆ ಮನಸ್ಸು ಒಪ್ಪುತ್ತಿಲ್ಲ.

ನ್ಯೂಯಾರ್ಕಿನ ಚೈನಾಟೌನಿನಲ್ಲಿ ಮಾಟ್ ಸ್ಟ್ರೀಟ್ ಇದೆ. ಚೀನೀ ಭಾಷೆಯಲ್ಲಿ ಅದಕ್ಕೆ ಎರಡೇ ಅಕ್ಷರ. ಮೊದಲನೆಯದನ್ನು ತೆಗೆದುಕೊಂಡಿರುವುದು ಸುಮ್ನೆ ‘ಮಾಟ್’ ಅನ್ನುವ ಸದ್ದಿಗೆ. ಅದರ ಸ್ವಂತ ಅರ್ಥ ‘ಬೇಡ’ ಅಂತ, ಬೀದಿಗೂ ಅದಕ್ಕೂ ಸಂಬಂಧವೇ ಇಲ್ಲ. ಎರಡನೆಯದು ಮಾತ್ರ ‘ಬೀದಿ’ ಅನ್ನುವ ಅರ್ಥದ್ದೇ. ನಮ್ಮ ಮೈಸೂರಿನ ಇರ್ವಿನ್ ರಸ್ತೆಯೂ ಇದೇ ಥರ. ಹೆಸರು ಹಾಗೇ ಉಳಿದಿದೆ, ರೋಡ್ ಹೋಗಿ ರಸ್ತೆ ಬಂದಿದೆ. (ರಸ್ತೆಯೂ ಪಾರ್ಸಿಯಿಂದ ಬಂದದ್ದು, ಆದರೆ ಈಗ ಅದು ನಮ್ಮದೇ.) ಮಂಡ್ಯದ ನೂರಡಿ ರಸ್ತೆಯಲ್ಲಾದರೆ ಹಂಡ್ರೆಡ್ ಫೀಟ್ ಅನ್ನುವುದೂ ಕನ್ನಡಕ್ಕೆ ಬಂದಿದೆ. ಎರಡು ಭಾಷೆಯ ಬೋರ್ಡು ಅಂದರೆ ಅದು.

ಹಾಗಾಗಿ ಬ್ರಿಕ್ ಲೇನಿನದಕ್ಕೆ ‘ಎರಡು ಲಿಪಿಯ ಬೋರ್ಡು’ ಅಂತ ಬರೆಯೋಣ ಅಂದುಕೊಂಡಿದ್ದೇನೆ. ‘ಲಿಪ್ಯಂತರ’ ಅನ್ನುವುದು ಒಂದು ಭಾಷೆಯ ಮಾತನ್ನು ಇನ್ನೊಂದು ಲಿಪಿಯಲ್ಲಿ ಬರೆಯುವ ಕೆಲಸದ ಹೆಸರು, ಬೋರ್ಡಿನ ಹೆಸರಲ್ಲ. ಅರ್ಧ ಸದ್ದು, ಅರ್ಧ ಅರ್ಥ ಇರುವ ಮಾಟ್ ಸ್ಟ್ರೀಟ್, ಇರ್ವಿನ್ ರಸ್ತೆಗಳನ್ನು ಎಲ್ಲಿಗೆ ಸೇರಿಸಬೇಕು? ಇದಕ್ಕೆ ನಿಮ್ಮ ಸಲಹೆ ಬೇಕು.

ಇನ್ನೊಂದು ಪ್ರಶ್ನೆ: ಹೊರಗಿನಿಂದ ಬಂದವರು ನೆಲೆಸಿದ ಇಂಥ ಜಾಗಗಳಿಗೆ ಕನ್ನಡದಲ್ಲಿ ಏನನ್ನಬೇಕು? ‘ವಲಸಿಗರ ಬಡಾವಣೆ’ ಅಂದರೆ ನಮಗೆ ಸೈಟು ಹಂಚಿದ ಲೇಔಟ್ ನೆನಪಾಗುತ್ತದೆ. ‘ಕೇರಿ’ ಹತ್ತಿರದ ಮಾತು, ಆದರೆ ಅದಕ್ಕೆ ಜಾತಿಯ ವಾಸನೆ ಅಂಟಿಕೊಂಡಿದೆ. ಮೈಸೂರಿನಲ್ಲಿ ಮೊಹಲ್ಲಾ ಅಂದರೆ ಊರಿನ ಯಾವ ಭಾಗವೂ ಆಗಬಹುದು. 1961ರಲ್ಲಿ ಶುರುವಾದ ಬೈಲುಕುಪ್ಪೆಯ ಟಿಬೆಟನ್ನರ ನೆಲೆಯನ್ನು ಜನ ‘ಕ್ಯಾಂಪ್’ ಅನ್ನುತ್ತಾರೆ. ಅವರು ನಿರಾಶ್ರಿತರಾಗಿ ಬಂದವರು, ಆ ಮಾತು ಅಲ್ಲಿಗೆ ಸರಿ. ಲಂಡನ್ನಿಗೆ ಅದನ್ನು ಒಯ್ಯುವಂತಿಲ್ಲ. ಪಿರಿಯಾಪಟ್ಟಣ, ಕುಶಾಲನಗರದ ಕಡೆಯವರು ಇದ್ದರೆ ತಿಳಿಸಿ: ಕ್ಯಾಂಪ್ ಬಿಟ್ಟು ಬೇರೆ ಯಾವುದಾದರೂ ಮಾತು ಅಲ್ಲಿ ಬಳಕೆಯಲ್ಲಿದೆಯಾ?