ಆನ್‌ಲೈನ್ ಕ್ಲಾಸಿನಲ್ಲಿ ಮಾತು ಎರಡೆರಡು ಸಲ ಕೇಳುತ್ತಿದೆ, ಏನು ಮಾಡಲಿ?

ಮುಲುಂಡ್_ಟೀಚರ್ · ಭಾನುವಾರ ಸಂಜೆ 6:40

ನಮಸ್ಕಾರ. ಇವತ್ತಿನ ಕನ್ನಡ ಕ್ಲಾಸೂ ಹಾಳಾಯ್ತು. ನಾನು ಒಂದು ಪದ ಹೇಳಿದರೆ ಮಕ್ಕಳಿಗೆ ಎರಡು ಸಲ, ಕೆಲವೊಮ್ಮೆ ಮೂರು ಸಲ ಕೇಳುತ್ತದಂತೆ. ಮಗು ಮಾತಾಡಿದರೆ ಅದರ ದನಿ ಅದಕ್ಕೇ ವಾಪಸ್ ಬರುತ್ತದೆ. "ಟೀಚರ್, ನನ್ನ ಮಾತೇ ನನಗೆ ಕೇಳ್ತಿದೆ" ಅಂತ ಒಬ್ಬಳು ಅಳುವ ಹಾಗೆ ಆದಳು.

ಕನ್ನಡ ಮಾಧ್ಯಮ ಶಾಲೆಯಲ್ಲಿ ಬೋರ್ಡು, ಸೀಮೆಸುಣ್ಣದಲ್ಲೇ ಕಲಿಸಿದವಳು ನಾನು. ಈ ಆನ್‌ಲೈನ್ ಬೇಡವೇ ಬೇಡ ಅಂತಿದ್ದೆ. ಆದರೆ ಮಕ್ಕಳ ಮನೆಗಳು ಮುಂಬೈ ಸುತ್ತ ವಸಾಯಿಯಿಂದ ಪನ್ವೇಲ್‌ವರೆಗೆ ಹರಡಿವೆ. ಭಾನುವಾರ ಅಂದರೆ ದುರಸ್ತಿಗೆ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಬೇರೆ. ಎಳೆ ಮಕ್ಕಳನ್ನು ಎಷ್ಟು ದೂರ ಕರೆಸಲಿ?

ಇವರಿಗೆ ಅತಿ ಕಷ್ಟ ಎ-ಏ, ಒ-ಓ. ಶಾಲೆಯಲ್ಲಿ ಮರಾಠಿ, ಹಿಂದಿ ಬರೆಯುವಾಗ ಎರಡಕ್ಕೂ ಒಂದೇ ಅಕ್ಷರ ಸಾಕು. "ಬೆಳೆ" ಮತ್ತು "ಬೇಳೆ" ಬೇರೆ ಅಂತ ಕಿವಿಯಿಂದಲೇ ಹಿಡಿಯಬೇಕು. ಮಾತು ಮಾತಿನ ಮೇಲೆ ಬಿದ್ದರೆ "ಬೆಳೆ"ಯೂ ಎಳೆದ ಹಾಗೆ ಕೇಳುತ್ತದೆ. ಕಲಿಸುವುದು ಹೇಗೆ?

ಲ್ಯಾಪ್‌ಟಾಪ್ ಹೊಸದು. ನೆಟ್ ಚೆನ್ನಾಗಿದೆ.

ರೌಟರ್_ರಾಯ · 7:05

ನೆಟ್ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ ಟೀಚರ್. ಡೌನ್‌ಲೋಡ್ ನೋಡಬೇಡಿ, ಅಪ್‌ಲೋಡ್ ಮತ್ತು ಪಿಂಗ್ (ಡೇಟಾ ಹೋಗಿ ಬರಲು ಹಿಡಿಯುವ ಹೊತ್ತು) ನೋಡಿ. ರೌಟರ್ ಯಾವ ಕೋಣೆಯಲ್ಲಿದೆ? ವೈಫೈಯಲ್ಲಿ 5 ಗಿಗಾಹರ್ಟ್ಸ್‌ಗೆ ಸೇರಿದ್ದೀರಾ, 2.4ಕ್ಕಾ? 5 ವೇಗ ಜಾಸ್ತಿ, ಆದರೆ ಗೋಡೆ ಅಡ್ಡ ಬಂದರೆ ಸೋಲುತ್ತದೆ. ಸ್ಪೀಡ್ ಟೆಸ್ಟ್ ಹಾಕಿ.

ಥಾಣೆ_ಸೌಂಡ್ · 7:22

ಹೆಡ್‌ಸೆಟ್ ಹಾಕ್ಕೊಳಿ. ಸ್ಪೀಕರಿನ ದನಿ ಮೈಕಿಗೆ ಹೋಗುತ್ತಿದೆ, ಅಷ್ಟೇ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಕಡಿಮೆ ಬೆಲೆಗೆ ಒಳ್ಳೆಯದು ಸಿಗುತ್ತದೆ.

ಮುಲುಂಡ್_ಟೀಚರ್ · 8:10

ಹೆಡ್‌ಸೆಟ್ ಹಾಕಿಯೇ ಮಾತಾಡಿದ್ದು. ಸ್ವಲ್ಪ ಕಡಿಮೆಯಾಯ್ತು, ಹೋಗಲಿಲ್ಲ. ಸ್ಪೀಡ್ ಟೆಸ್ಟಿನ ಚಿತ್ರ ಹಾಕಿದ್ದೇನೆ. ರೌಟರ್ ಇದೇ ಕೋಣೆಯಲ್ಲಿದೆ.

ರೌಟರ್_ರಾಯ · 8:18

ಟೆಸ್ಟ್ ಚೆನ್ನಾಗಿಯೇ ಇದೆ. ಆದರೂ ಮಳೆಗಾಲದಲ್ಲಿ ಕೇಬಲ್ ಜಾಯಿಂಟಿಗೆ ನೀರು ಹೋಗಿ ನಡುನಡುವೆ ಕೈಕೊಡುತ್ತದೆ, ಟೆಸ್ಟಿನಲ್ಲಿ ಸಿಗುವುದಿಲ್ಲ. ವೈಫೈ ಬಿಟ್ಟು, ಲ್ಯಾಪ್‌ಟಾಪನ್ನು ರೌಟರಿಗೆ ನೇರ ಜೋಡಿಸುವ ಲ್ಯಾನ್ ಕೇಬಲ್ಲನ್ನೂ ಹಾಕಿ ನೋಡಿ.

ಥಾಣೆ_ಸೌಂಡ್ · 8:31

ರಾಯರೇ, ನೆಟ್ ಕೆಟ್ಟರೆ ಮಾತು ತುಂಡಾಗುತ್ತದೆ, ಡಬ್ಬದೊಳಗಿಂದ ಬಂದ ಹಾಗೆ ಆಗುತ್ತದೆ. ಪೂರ್ತಿ ಪದ ಮತ್ತೊಂದು ಸಲ ಬರುವುದಿಲ್ಲ. ಇದು ಎಕೋ, ಅಂದರೆ ಪ್ರತಿಧ್ವನಿ. ಎಕೋಗೂ ಸ್ಪೀಡಿಗೂ ಸಂಬಂಧ ಇಲ್ಲ.

ರೌಟರ್_ರಾಯ · 8:37

ಸಂಬಂಧ ಇಲ್ಲ ಅಂದರೆ ಹೇಗೆ? ನೆಟ್ ನಿಧಾನ ಆದಷ್ಟೂ ಎಕೋ ತಡವಾಗಿ ಬರುತ್ತದೆ, ಜಾಸ್ತಿ ಎದ್ದು ಕೇಳುತ್ತದೆ.

ಥಾಣೆ_ಸೌಂಡ್ · 8:44

ತಡ ಆಗುವುದು ಬೇರೆ, ಹುಟ್ಟುವುದು ಬೇರೆ. ನನ್ನ ಕೋಣೆಯಲ್ಲಿ ಕಂಡೆನ್ಸರ್ ಮೈಕ್, ಆಡಿಯೋ ಇಂಟರ್‌ಫೇಸ್, ಎರಡು ಗೋಡೆಗೆ ಫೋಮ್, ಕಿಟಕಿಗೆ ದಪ್ಪ ಪರದೆ ಇದೆ. ಹೊರಗೆ ಗಣಪತಿ ಮೆರವಣಿಗೆ ಹೋದರೂ ರೆಕಾರ್ಡಿಂಗ್ ಕೆಡುವುದಿಲ್ಲ. ಅನುಭವದಿಂದ ಹೇಳುತ್ತಿದ್ದೇನೆ.

ಪುಣೆ_ಲೇಖನಿ · 9:15

ಟೀಚರ್, ಅಕ್ಷರ ಬರೆದು ತೋರಿಸಲು ಪೆನ್ ಟ್ಯಾಬ್ಲೆಟ್ ತಗೊಳ್ಳಿ. ನಾನು ಎರಡು ಮಾನಿಟರ್ ಇಟ್ಟುಕೊಂಡಿದ್ದೇನೆ, ಒಂದರಲ್ಲಿ ಮಕ್ಕಳ ಮುಖ, ಇನ್ನೊಂದರಲ್ಲಿ ಬೋರ್ಡು. ಮತ್ತೆ ಪಾಠದ ಹಾಳೆಗಳನ್ನು ಎಲ್ಲ ಮೊಬೈಲಿಗೂ ಅರ್ಥವಾಗುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದ ಫೈಲ್ ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲಾಗಿ ಕಾಣುತ್ತದೆ.

ರೌಟರ್_ರಾಯ · 9:21

ಪಿಡಿಎಫ್ ಮಾಡಿ ಕಳಿಸಿದರೆ ಫಾಂಟ್ ಒಳಗೇ ಸೇರುತ್ತದೆ, ಟೈಪ್ ಮಾಡಿದ್ದು ನುಡಿ ಸಾಫ್ಟ್‌ವೇರಿನಲ್ಲಾದರೇನು, ಬರಹ ಸಾಫ್ಟ್‌ವೇರಿನಲ್ಲಾದರೇನು? ಟೀಚರಿನ ಹಳೆಯ ಪಾಠಗಳನ್ನೆಲ್ಲ ಮತ್ತೆ ಟೈಪ್ ಮಾಡಿಸುತ್ತೀರಾ?

ಪುಣೆ_ಲೇಖನಿ · 9:26

ಓದಲು ಸರಿ. ಆ ಪಿಡಿಎಫ್‌ನಲ್ಲಿ ಕನ್ನಡ ಪದ ಹುಡುಕಿ ನೋಡಿ, ಸಿಗುವುದಿಲ್ಲ. ಕಾಪಿ ಮಾಡಿದರೆ ಕಸ ಬರುತ್ತದೆ. ಕನ್ವರ್ಟರ್ ಇದೆ, ಮತ್ತೆ ಟೈಪ್ ಮಾಡುವುದು ಬೇಕಿಲ್ಲ.

ಚೆಂಬೂರ್_ಅಪ್ಪ · 9:50

ಫಾಂಟ್ ಮಾತು ಬೇರೆ ಕಡೆ ಆಡೋಣ, ಅಲ್ವಾ? ಟೀಚರ್, ಒಂದು ವಿಷಯ ಹೇಳಿ. ಮಾತಾಡಿದವರಿಗೆ ಅವರದೇ ದನಿ ವಾಪಸ್ ಬಂದರೆ ತೊಂದರೆ ಸಾಮಾನ್ಯವಾಗಿ ಎದುರಿನವರ ಕಡೆ ಇರುತ್ತದೆ. ಎಲ್ಲ ಮಕ್ಕಳಿಗೂ ಹೀಗಾಗುತ್ತಿದ್ದರೆ ಅದು ನಿಮ್ಮ ಕೋಣೆಯಲ್ಲೇ ಇದೆ. ನೀವು ಬರೆಯುವುದನ್ನು ಮಕ್ಕಳಿಗೆ ತೋರಿಸುವುದು ಹೇಗೆ?

ಮುಲುಂಡ್_ಟೀಚರ್ · 10:05

ಮೊಬೈಲಿನಿಂದ. ಎರಡು ಅಕ್ಕಿ ಡಬ್ಬಿ, ಅವುಗಳ ಮೇಲೆ ಅಡ್ಡ ಇಟ್ಟ ಮರದ ಸ್ಕೇಲು, ಸ್ಕೇಲಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದ ಮೊಬೈಲು. ಕೆಳಗೆ ನೋಟ್ ಬುಕ್ಕು. ಮೊಬೈಲಿನಿಂದಲೂ ಅದೇ ಜೂಮ್ ಲಿಂಕಿಗೆ ಸೇರುತ್ತೇನೆ. ಒತ್ತಕ್ಷರ ಬರೆಯುವಾಗ ಕೈ ಕೆಳಗಿಳಿಯುವುದನ್ನು ಮಕ್ಕಳು ನೋಡಲೇಬೇಕು. ಮರಾಠಿಯಲ್ಲಿ ಅರ್ಧಾಕ್ಷರ ಹೆಚ್ಚಾಗಿ ಪಕ್ಕಕ್ಕೆ ಅಂಟಿಕೊಳ್ಳುತ್ತದೆ, ಇವರೂ "ಅಮ್ಮ" ಬರೆಯುವಾಗ ಎರಡನೇ ಮ-ವನ್ನು ಪಕ್ಕದಲ್ಲೇ ಇಡುತ್ತಾರೆ. ಪರದೆಯ ಮೇಲಿನ ಪೆನ್ನು ನನಗೆ ಒಗ್ಗಲಿಲ್ಲ. ಕಾಗದವೇ ಬೇಕು.

ಮೊಬೈಲ್ ಮ್ಯೂಟ್‌ನಲ್ಲೇ ಇರುತ್ತದೆ.

ಚೆಂಬೂರ್_ಅಪ್ಪ · 10:20

ಸಿಕ್ಕಿತು. ಮ್ಯೂಟ್ ಮಾಡಿದರೆ ಮೊಬೈಲಿನ ಮೈಕ್ ಮಾತ್ರ ಮುಚ್ಚುತ್ತದೆ, ಸ್ಪೀಕರ್ ತೆರೆದೇ ಇರುತ್ತದೆ. ನೀವು "ಬೆಳೆ" ಅನ್ನುತ್ತೀರಿ. ಅದು ಲ್ಯಾಪ್‌ಟಾಪಿನಿಂದ ಹೊರಟು, ನೆಟ್ ಸುತ್ತಿ, ಸ್ವಲ್ಪ ತಡವಾಗಿ ಮೊಬೈಲಿನ ಸ್ಪೀಕರಿನಲ್ಲಿ ಬರುತ್ತದೆ. ಅದನ್ನು ಲ್ಯಾಪ್‌ಟಾಪ್ ಕಡೆಯ ಮೈಕ್ ಹಿಡಿದು ಮತ್ತೆ ಎಲ್ಲರಿಗೂ ಕಳಿಸುತ್ತದೆ. ಲ್ಯಾಪ್‌ಟಾಪ್ ತನ್ನ ಸ್ಪೀಕರಿನ ಎಕೋ ಅಳಿಸಬಲ್ಲದು, ಪಕ್ಕದ ಮೊಬೈಲಿನದು ಅದಕ್ಕೆ ಗೊತ್ತಿಲ್ಲ. ಹೆಡ್‌ಸೆಟ್ ಹಾಕಿದರೂ ಪೂರ್ತಿ ಹೋಗದ್ದು ಅದಕ್ಕೇ.

ಮೊಬೈಲಿನಲ್ಲಿ ಮೋರ್ ಒತ್ತಿ, ಡಿಸ್‌ಕನೆಕ್ಟ್ ಆಡಿಯೋ ಆರಿಸಿ. ಸೇರುವಾಗ ಆಡಿಯೋ ಬೇಕಾ ಅಂತ ಕೇಳಿದರೆ ಒಪ್ಪಬೇಡಿ. ಮೊಬೈಲ್ ಚಿತ್ರಕ್ಕೆ ಮಾತ್ರ, ಮಾತೆಲ್ಲ ಲ್ಯಾಪ್‌ಟಾಪಿನಲ್ಲಿ.

ಇನ್ನೊಂದು. ನೋಟ್ ಬುಕ್ ಎಲ್ಲರಿಗೂ ದೊಡ್ಡದಾಗಿ ಕಾಣಲು ಪಿನ್ ಮಾಡಬೇಡಿ, ಪಿನ್ ನಿಮಗೆ ಮಾತ್ರ. ಹೋಸ್ಟ್ ಆಗಿರುವ ಲ್ಯಾಪ್‌ಟಾಪಿನಿಂದ ಮೊಬೈಲಿನ ಚಿತ್ರವನ್ನು ಸ್ಪಾಟ್‌ಲೈಟ್ ಮಾಡಿ.

ರೌಟರ್_ರಾಯ · 10:34

ಒಂದೇ ವೈಫೈಯಲ್ಲಿ ಎರಡು ವಿಡಿಯೋ ಹೋಗುತ್ತಿದೆ ಅಂದಮೇಲೆ ಲ್ಯಾನ್ ಕೇಬಲ್ ಇನ್ನೂ ಮುಖ್ಯ. ಹಾಕಿಬಿಡಿ.

ಮುಲುಂಡ್_ಟೀಚರ್ · ಸೋಮವಾರ ಬೆಳಗ್ಗೆ 11:30

ಡೊಂಬಿವಲಿಯ ಅಕ್ಕನ ಮಗಳನ್ನು ಆನ್‌ಲೈನಿನಲ್ಲಿ ಕೂರಿಸಿಕೊಂಡು ನೋಡಿದೆ. ಎಕೋ ಪೂರ್ತಿ ಹೋಯ್ತು! ಸ್ಪಾಟ್‌ಲೈಟೂ ಸಿಕ್ಕಿತು, "ಈಗ ಕೈ ದೊಡ್ಡದಾಗಿ ಕಾಣ್ತಿದೆ" ಅಂದಳು. ಅವಳೇ "ಬೆಳೆ, ಬೇಳೆ" ಎರಡನ್ನೂ ಬೇರೆ ಬೇರೆಯಾಗಿ ಹೇಳಿದಳು. ತುಂಬಾ ಸಂತೋಷ ಆಯ್ತು, ಎಲ್ಲರಿಗೂ ವಂದನೆ.

ಆದರೆ ಇನ್ನೊಂದು ಕೇಳಬೇಕು. ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಮಗ್ಗಿ, ಪದ್ಯ ಹೇಳುತ್ತಿದ್ದರು. ಯಾವ ಮೂಲೆಯಲ್ಲಿ ತಪ್ಪಿತು ಅಂತ ನನ್ನ ಕಿವಿಗೆ ತಿಳಿಯುತ್ತಿತ್ತು. ಇಲ್ಲಿ ಒಟ್ಟಿಗೆ ಹೇಳಿಸಿದರೆ ಒಬ್ಬರ ದನಿ ಬರುತ್ತದೆ, ಉಳಿದವರದು ಮುರಿಯುತ್ತದೆ. ಯಾವ ಸೆಟ್ಟಿಂಗ್?

ಥಾಣೆ_ಸೌಂಡ್ · 12:05

ಜೂಮ್‌ನಲ್ಲಿ ಮ್ಯೂಸಿಷಿಯನ್ಸ್‌ಗೆ ಅಂತ ಇರುವ ಒರಿಜಿನಲ್ ಸೌಂಡ್ ಆನ್ ಮಾಡಿಸಿ. ದನಿ ಕತ್ತರಿಸುವುದು ಕಡಿಮೆಯಾಗುತ್ತದೆ.

ಚೆಂಬೂರ್_ಅಪ್ಪ · 12:40

ಇಪ್ಪತ್ತು ಮನೆಯಲ್ಲೂ ಅದನ್ನು ಆನ್ ಮಾಡಿದರೆ ಮಿಕ್ಸರ್, ಫ್ಯಾನು, ಟಿವಿ ಎಲ್ಲ ಕೇಳುತ್ತದೆ. ಅಲ್ಲದೆ ಪ್ರತಿ ಮನೆಯ ದನಿ ಬೇರೆ ಬೇರೆ ಹೊತ್ತಿಗೆ ತಲುಪುತ್ತದೆ. ತಾಳ ಕೂಡುವುದಿಲ್ಲ. ಒಂದು ಮಗು ಗಟ್ಟಿಯಾಗಿ ಹೇಳಲಿ, ಉಳಿದವರು ಮ್ಯೂಟ್‌ನಲ್ಲಿ ಹಿಂದೆ ಹೇಳಲಿ.

ಮುಲುಂಡ್_ಟೀಚರ್ · 12:52

ಮ್ಯೂಟ್‌ನಲ್ಲಿರುವ ಮಗು ಏನು ಹೇಳುತ್ತಿದೆ ಅಂತ ನನಗೆ ಗೊತ್ತಾಗುವುದು ಹೇಗೆ? ತುಟಿ ಅಲುಗಿದರೆ ಸಾಲದು. ಕೇಳದೆ ತಿದ್ದಲು ಆಗುವುದಿಲ್ಲ, ಇದನ್ನು ನಾನು ಬಿಡಲಾರೆ.

ಪುಣೆ_ಲೇಖನಿ · 1:30

ನಾಲ್ಕು ನಾಲ್ಕು ಮಕ್ಕಳ ಬ್ರೇಕ್‌ಔಟ್ ರೂಮ್ (ಅದೇ ಮೀಟಿಂಗಿನೊಳಗೆ ಬೇರೆ ಬೇರೆ ಚಿಕ್ಕ ಕೋಣೆ) ಮಾಡಿ, ಒಂದೊಂದಕ್ಕೂ ಹೋಗಿ ಸರದಿಯಲ್ಲಿ ಕೇಳಿ. ಉಚಿತ ಜೂಮ್‌ನಲ್ಲಿ 40 ನಿಮಿಷ ಮಾತ್ರ, ಅಷ್ಟರಲ್ಲಿ ಮುಗಿಯದಿದ್ದರೆ ಉಳಿದವರು ವಾಟ್ಸ್‌ಆ್ಯಪ್‌ನಲ್ಲಿ ಓದಿ ಕಳಿಸಲಿ.

ಮುಲುಂಡ್_ಟೀಚರ್ · 1:48

ಓದಿ ಕಳಿಸುವುದು ಒಳ್ಳೆಯದು, ಅದನ್ನು ಎರಡೆರಡು ಸಲ ಕೇಳಬಹುದು. ಬ್ರೇಕ್‌ಔಟ್ ರೂಮ್ ಮಕ್ಕಳ ಎದುರಿಗೇ ಮೊದಲ ಸಲ ಮಾಡಲು ಧೈರ್ಯ ಇಲ್ಲ. ಶನಿವಾರ ಸಂಜೆ 5ಕ್ಕೆ ಯಾರಾದರೂ ಮೂರ್ನಾಲ್ಕು ಜನ ಸೇರುತ್ತೀರಾ?

ರೌಟರ್_ರಾಯ · 1:55

ನಾನು ಬರುತ್ತೇನೆ. ಲಿಂಕ್ ಕಳಿಸಿ.

ಥಾಣೆ_ಸೌಂಡ್ · 2:10

ನಾನೂ ಇದ್ದೇನೆ. ಮಗನನ್ನೂ ಕೂರಿಸುತ್ತೇನೆ, ಅವನಿಗೂ ಒತ್ತಕ್ಷರ ಬರುವುದಿಲ್ಲ.